ಬೆಟ್ಟ ಎದ್ದದ್ದಲ್ಲ ಸ್ವಾಮಿ, ಉಳಿದದ್ದು!

ನಮಸ್ಕಾರ. ಎಲ್ಲರೂ ಚೆನ್ನಾಗಿದ್ದೀರಾ? ನಾನು ಚೆನ್ನಾಗಿಲ್ಲ.

ಇವತ್ತು ಮೈಸೂರಿನ ಹಳೇ ತೊಟ್ಟಿ ಮನೆಗಳ ಬಗ್ಗೆ ಮಾತಾಡಬೇಕು ಅಂತ ಎಲ್ಲ ಬರೆದು ಇಟ್ಟುಕೊಂಡಿದ್ದೆ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಹೋದ ವಾರದ ವಿಡಿಯೋ ಕೆಳಗಿನ ಕಾಮೆಂಟ್ ಓದಿದೆ. ಕಾಫಿ ಆರಿಹೋಯಿತು. ನನ್ನ ತಲೆ ಮಾತ್ರ ಇನ್ನೂ ಆರಿಲ್ಲ.

ಕಾಮೆಂಟ್ ಏನು ಗೊತ್ತಾ? ಓದುತ್ತೇನೆ, ಕೇಳಿ. "ಚಾಮುಂಡಿ ಬೆಟ್ಟ ಚಾಮುಂಡಿ ಬೆಟ್ಟ ಅಂತ ಎಷ್ಟು ಕುಣೀತೀರಾ ಸರ್, ಅದು ದಿಬ್ಬ. ಒಂದ್ಸಲ ಹಿಮಾಲಯ ನೋಡ್ಕೊಂಡು ಬನ್ನಿ, ಬೆಟ್ಟ ಅಂದ್ರೆ ಹೇಗೆ ಎದ್ದು ನಿಲ್ಲುತ್ತೆ ಅಂತ ಗೊತ್ತಾಗುತ್ತೆ." ಇದಕ್ಕೆ 40 ಲೈಕ್ ಬೇರೆ! ಮೊದಲ ಸಲ ಮನಾಲಿಗೆ ಹೋಗಿ, ಮಂಜಿನ ಮುಂದೆ ಬಾಡಿಗೆ ಕೋಟು ಹಾಕಿಕೊಂಡು ಫೋಟೋ ಹೊಡೆಸಿಕೊಂಡು ಬಂದವರ ಮಾತು ಹೀಗೇ ಇರುತ್ತದೆ. ನಮ್ಮ ಭಾವನೂ ಹಾಗೇ, ಬಂದ ಮೇಲೆ ಆರು ತಿಂಗಳು ಮಂಡ್ಯದಲ್ಲಿ ಸ್ವೆಟರ್ ಬಿಚ್ಚಲಿಲ್ಲ.

ದಿಬ್ಬ ಅಂದಿದ್ದಕ್ಕೂ ಸಿಟ್ಟಿಲ್ಲ ನನಗೆ. ಸಿಟ್ಟು ಆ "ಎದ್ದು ನಿಲ್ಲುತ್ತೆ" ಅನ್ನುವ ಮಾತಿಗೆ. ಬೆಟ್ಟ ಎದ್ದು ನಿಲ್ಲುವುದಿಲ್ಲ ಸ್ವಾಮಿ. ಬೆಟ್ಟ ಉಳಿಯುತ್ತದೆ. ಸುತ್ತ ಇದ್ದದ್ದೆಲ್ಲ ಹೋದ ಮೇಲೆ ಏನು ಉಳಿಯಿತೋ ಅದನ್ನು ನಾವು ಬೆಟ್ಟ ಅಂತ ಕರೆಯುತ್ತೇವೆ. ಇವತ್ತಿನ ವಿಡಿಯೋ ಇಷ್ಟೇ. ಇಷ್ಟಕ್ಕೇ ಎದ್ದು ಹೋಗುವವರು ಹೋಗಬಹುದು, ಹೋಗುವಾಗ ಸಬ್‌ಸ್ಕ್ರೈಬ್ ಮಾಡಿ.

ಇದ್ದೀರಾ? ಸರಿ, ಮೆಟ್ಟಿಲು ಹತ್ತೋಣ ಬನ್ನಿ.

ಚಾಮುಂಡಿ ಬೆಟ್ಟ ಸಮುದ್ರ ಮಟ್ಟದಿಂದ ಸುಮಾರು 1060 ಮೀಟರ್. ಊರಿನಿಂದ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 300 ಮೀಟರ್. ಹೌದು, ಎತ್ತರ ಕಡಿಮೆ. ಈಗ ಹತ್ತುತ್ತಾ ಪಕ್ಕದ ಬಂಡೆ ನೋಡಿ. ಉಸಿರು ಬಿಡಲು ಹೇಗೂ ನಿಲ್ಲುತ್ತೀರಲ್ಲ, ಆಗ ನೋಡಿ. ಕೆಂಪು ಛಾಯೆಯ ಹರಳು, ಗಾಜಿನ ಥರ ಬೆಣಚು, ಅಲ್ಲಲ್ಲಿ ಮಿನುಗುವ ಕಾಗೆಬಂಗಾರ. ಒಂದೊಂದೂ ಬರಿಗಣ್ಣಿಗೆ ಕಾಣುವಷ್ಟು ದೊಡ್ಡದು. ಗ್ರಾನೈಟ್. ವಯಸ್ಸು ಸುಮಾರು 80 ಕೋಟಿ ವರ್ಷ.

ಹರಳು ಯಾಕೆ ಅಷ್ಟು ದಪ್ಪ? ಮಂಡ್ಯದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಸಕ್ಕರೆ ಪಾಕ ಬೇಗ ಆರಿದರೆ ಸಣ್ಣ ಹರಳು. ನಿಧಾನವಾಗಿ, ಯಾರೂ ಅಲುಗಾಡಿಸದೆ ಆರಿದರೆ ಕಲ್ಲುಸಕ್ಕರೆ. ಕರಗಿದ ಕಲ್ಲೂ ಅಷ್ಟೇ. ಜ್ವಾಲಾಮುಖಿಯಿಂದ ಹೊರಗೆ ಉಕ್ಕಿದರೆ ಬೇಗ ಆರುತ್ತದೆ, ಕಣ ಸಣ್ಣದಾಗುತ್ತದೆ. ನೆಲದೊಳಗೆ ಕಿಲೋಮೀಟರ್‌ಗಟ್ಟಲೆ ಆಳದಲ್ಲಿ ಸಿಕ್ಕಿಹಾಕಿಕೊಂಡರೆ ನಿಧಾನವಾಗಿ ಆರಿ ಕಲ್ಲುಸಕ್ಕರೆಯಾಗುತ್ತದೆ. ಅದೇ ಗ್ರಾನೈಟ್. ಹಾಗಾಗಿ "ಚಾಮುಂಡಿ ಬೆಟ್ಟ ಆರಿಹೋದ ಜ್ವಾಲಾಮುಖಿ ಸರ್, ಗೂಗಲ್ ಮಾಡಿ" ಅಂತ ಬರೆದ ಇನ್ನೊಬ್ಬ ಮಹಾನುಭಾವರಿಗೂ ಇಲ್ಲೇ ಉತ್ತರ ಸಿಕ್ಕಿತು. ಆ ಕಲ್ಲು ಹೊರಗೆ ಉಕ್ಕಲೇ ಇಲ್ಲ. ಒಳಗೇ ತಣ್ಣಗಾಯಿತು.

ನೆಲದ ಆಳದಲ್ಲಿ ಗಟ್ಟಿಯಾದ ಕಲ್ಲಿನ ಮೇಲೆ ನೀವು ಇವತ್ತು ಕೂತು ಚುರುಮುರಿ ತಿನ್ನುತ್ತಿದ್ದೀರಿ. ಹಾಗಾದರೆ ಅದರ ಮೇಲಿದ್ದ ಅಷ್ಟು ಕಿಲೋಮೀಟರ್ ಕಲ್ಲು ಎಲ್ಲಿ ಹೋಯಿತು?

ಸವೆದು ಹೋಯಿತು. ಮಳೆ, ಬಿಸಿಲು, ಗಿಡದ ಬೇರು, ಹೊಳೆ. ನಮ್ಮ ಕಡೆಯ ಗಟ್ಟಿ ನೆಲ ಬಹಳ ನಿಧಾನವಾಗಿ ಸವೆಯುತ್ತದೆ, 10 ಲಕ್ಷ ವರ್ಷಕ್ಕೆ ಕೆಲವೇ ಮೀಟರ್. ಐದೇ ಮೀಟರ್ ಅಂತ ಹಿಡಿಯಿರಿ. 80 ಕೋಟಿ ವರ್ಷಕ್ಕೆ ಎಷ್ಟಾಯಿತು? ನಾಲ್ಕು ಕಿಲೋಮೀಟರ್. ಸುತ್ತಲೂ ಇದಕ್ಕಿಂತ ಎಷ್ಟೋ ಹಳೆಯ, ಪಟ್ಟೆ ಪಟ್ಟೆ ನೀಸ್ ಕಲ್ಲಿನ ನೆಲ ಇತ್ತು. ಅದು ಬೇಗ ಪುಡಿಯಾಯಿತು. ಬೋರ್ ಕೊರೆಸಿದವರಿಗೆ ಗೊತ್ತು, ಮೊದಲು ಮಣ್ಣು, ಆಮೇಲೆ ಕೈಯಲ್ಲಿ ಹಿಸುಕಿದರೆ ಉದುರುವ ಕೊಳೆತ ಕಲ್ಲು, ಆಮೇಲೆ ಗಟ್ಟಿ ಕಲ್ಲು, ಆಮೇಲೆ ಸಾಲ. ಆದರೆ ಈ ಗ್ರಾನೈಟ್ ಹಟಮಾರಿ. ಸೀಳು ಕಡಿಮೆ, ನೀರು ಒಳಗೆ ಇಳಿಯುವುದಿಲ್ಲ. ಅಕ್ಕಪಕ್ಕದ ನೆಲ ಕೆಳಗೆ ಹೋಯಿತು, ಇದು ಇದ್ದಲ್ಲೇ ಕೂತಿತ್ತು. ಎದ್ದದ್ದಲ್ಲ. ಉಳಿದದ್ದು.

ಇನ್ನೂ ಅನುಮಾನ ಇದ್ದರೆ ನಂದಿ ಹತ್ತಿರ ಬನ್ನಿ. ದೊಡ್ಡದೇವರಾಜ ಒಡೆಯರ ಕಾಲದ್ದು, 17ನೇ ಶತಮಾನ, ಒಂದೇ ಬಂಡೆಯಲ್ಲಿ ಕೆತ್ತಿದ್ದು. ಆ ಬಂಡೆಯೊಳಗಿಂದ ನಂದಿ ಎದ್ದು ಬಂದನಾ? ಶಿಲ್ಪಿಗಳು ಬೇಡದ ಕಲ್ಲನ್ನು ಚಕ್ಕೆ ಚಕ್ಕೆ ತೆಗೆದರು, ನಂದಿ ಉಳಿದ. ಬೆಟ್ಟವೂ ಹಾಗೇ. ಉಳಿ ಹಿಡಿದದ್ದು ಮಳೆ, ಅಷ್ಟೇ ವ್ಯತ್ಯಾಸ. ಅಂದಹಾಗೆ ಆ ಮಳೆ ಇನ್ನೂ ಕೆಲಸ ನಿಲ್ಲಿಸಿಲ್ಲ. 2021ರಲ್ಲಿ ಜೋರು ಮಳೆ ಬಂದು ನಂದಿಗೆ ಹೋಗುವ ರಸ್ತೆಯೇ ಕುಸಿಯಿತಲ್ಲ, ನೆನಪಿದೆಯಾ? ನಾವು ರಸ್ತೆ ಹಾಳಾಯಿತು ಅಂದೆವು. ಬೆಟ್ಟದ ಲೆಕ್ಕದಲ್ಲಿ ಅದು ದಿನದ ಕೂಲಿ.

ಪಾಂಡವಪುರದ ಹತ್ತಿರ ನಮ್ಮ ಅಜ್ಜಿ ಮನೆ. ಚಿಕ್ಕವನಿದ್ದಾಗ ಕುಂತಿಬೆಟ್ಟ ತೋರಿಸಿ, ಆ ಗುಂಡು ಮೇಲೆ ಗುಂಡು ಇಟ್ಟವನು ಭೀಮ ಕಣೋ ಅನ್ನುತ್ತಿದ್ದರು. ಅಜ್ಜಿ ಹೇಳಿದ್ದು ಚೆನ್ನಾಗಿದೆ, ಬೇಡ ಅನ್ನುವುದಿಲ್ಲ. ಆದರೆ ಮೊದಲು ಅದೆಲ್ಲ ಒಂದೇ ಬಂಡೆ. ಒಳಗೆ ಅಡ್ಡ ಉದ್ದ ಬಿರುಕು. ಬಿರುಕಿನಲ್ಲಿ ನೀರು ಇಳಿದು ಮೂಲೆಗಳನ್ನು ತಿನ್ನುತ್ತಾ ಹೋಯಿತು, ಚೌಕ ಇದ್ದದ್ದು ಗುಂಡಗಾಯಿತು, ನಡುವೆ ಇದ್ದ ಪುಡಿ ತೊಳೆದು ಹೋಯಿತು. ಯಾರೂ ತಂದು ಇಟ್ಟಿದ್ದಲ್ಲ, ಇದ್ದದ್ದೇ ಉಳಿಯಿತು. ಕಲ್ಲು ಕ್ವಾರಿಯಲ್ಲಿ ಹಳಬರನ್ನು ಕೇಳಿ. ಹಾಸುಬಂಡೆ ಮೇಲೆ ಬೆಂಕಿ ಹಾಕಿ ಚಪ್ಪಡಿ ಎಬ್ಬಿಸುತ್ತಿದ್ದರು. ಬಿಸಿಲಿಗೂ ಮೇಲಿನ ಭಾರ ಇಳಿದದ್ದಕ್ಕೂ ಬಂಡೆ ತಾನಾಗಿ ಈರುಳ್ಳಿ ಸಿಪ್ಪೆ ಥರ ಬಿಚ್ಚಿಕೊಳ್ಳುತ್ತದೆ. ಅದನ್ನೇ ಅವರು ಸೌದೆ ಹಾಕಿ ಅವಸರದಲ್ಲಿ ಮಾಡಿಸುತ್ತಿದ್ದರು.

ಪುಡಿಯಾದದ್ದು ಎಲ್ಲಿ ಹೋಯಿತು ಅಂದರೆ ತಲಕಾಡಿಗೆ ಹೋಗಿ ಚಪ್ಪಲಿ ಬಿಚ್ಚಿ ನಿಂತುಕೊಳ್ಳಿ. ಕಾಲು ಸುಡುತ್ತದೆ, ಅದು ಬೇರೆ ವಿಷಯ. ಆ ಮರಳು ಯಾವುದು ಮತ್ತೆ? ಒಂದು ಕಾಲದ ಬೆಟ್ಟ.

ಸರಿ. ಈಗ ಹಿಮಾಲಯದವರು ಕೈ ಎತ್ತಿದ್ದಾರೆ. "ಸರ್, ನಿಮ್ಮ ಊರಿನ ಕಥೆ ಸರಿ. ಹಿಮಾಲಯ ಎದ್ದದ್ದೇ ತಾನೇ?" ಕೂತುಕೊಳ್ಳಿ, ಅದಕ್ಕೂ ಇದೆ.

ಹಾಂ, ಭಾರತದ ನೆಲ ಉತ್ತರಕ್ಕೆ ಹೋಗಿ ಏಷ್ಯಾಕ್ಕೆ ಗುದ್ದಿತು, ಸುಮಾರು 5 ಕೋಟಿ ವರ್ಷದ ಹಿಂದೆ. ಇವತ್ತಿಗೂ ವರ್ಷಕ್ಕೆ 4-5 ಸೆಂಟಿಮೀಟರ್ ಹೋಗುತ್ತಲೇ ಇದೆ. ಜಮಖಾನವನ್ನು ಗೋಡೆಗೆ ತಳ್ಳಿದರೆ ಮಡಿಕೆ ಬೀಳುತ್ತದಲ್ಲ, ಹಾಗೆ ಮಡಿಕೆ ಬಿತ್ತು. ಮಡಿಕೆಗೆ ಜಾಗ ಸಾಲದೆ ಬಿರಿಯಿತು. ಬಿರಿದ ಹಲಗೆ ಒಂದರ ಮೇಲೆ ಒಂದು ಹತ್ತಿ ಕೂತಿತು. ಆ ಬಿರುಕೇ ಫಾಲ್ಟ್. ಅದು ದಿನಾ ಜಾರುವುದಿಲ್ಲ. ನೂರಾರು ವರ್ಷ ಬಿಗಿದುಕೊಂಡಿದ್ದು ಒಮ್ಮೆ ಜಾರುತ್ತದೆ. 2015ರ ಏಪ್ರಿಲ್ 25, ನೇಪಾಳ, 7.8 ತೀವ್ರತೆ. ಕಠ್ಮಂಡು ಕಡೆಯ ನೆಲ ಸುಮಾರು ಒಂದು ಮೀಟರ್ ಮೇಲೆ ಬಂತು. ಸುಮಾರು 9000 ಜನ ಹೋದರು, ಅದರಲ್ಲಿ ತಮಾಷೆ ಏನಿಲ್ಲ. ಎವರೆಸ್ಟ್ ತುದಿಯಲ್ಲಿ ಇರುವುದು ಸುಣ್ಣಕಲ್ಲು, ಅದರಲ್ಲಿ ಕಡಲ ಜೀವಿಗಳ ಗುರುತು. ನಿಮ್ಮ ಮನೆ ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮ ಇದ್ದರೆ ಅದರೊಳಗಿನ ಚಕ್ರ ನೋಡಿ. ಅದು ಹಳೇ ಕಡಲಿನ ಜೀವಿಯೊಂದರ ಚಿಪ್ಪಿನ ಅಚ್ಚು. ಗಂಡಕಿ ನದಿ ಅದನ್ನು ಹಿಮಾಲಯದಿಂದ ಕಿತ್ತು ತಂದದ್ದು. ನಮ್ಮಮ್ಮ ದಿನಾ ಅಭಿಷೇಕ ಮಾಡುವುದು ಒಂದು ಸಮುದ್ರಕ್ಕೆ. ಹೇಳಿದೆ, ನನ್ನನ್ನು ಒಂದು ಥರ ನೋಡಿದರು.

ಗಮನಿಸಿದಿರಾ? ಕಿತ್ತು ತಂದದ್ದು! ಅಲ್ಲೂ ಸವೆತವೇ!

ಲೆಕ್ಕ ಹಾಕೋಣ. ಹಿಮಾಲಯ ವರ್ಷಕ್ಕೆ ಒಂದೇ ಒಂದು ಮಿಲಿಮೀಟರ್ ಎದ್ದಿತು ಅಂದುಕೊಳ್ಳಿ. ಎಷ್ಟೋ ಕಡೆ ಅದಕ್ಕಿಂತ ಜಾಸ್ತಿ ಏಳುತ್ತದೆ, ಇರಲಿ, ಒಂದೇ. 5 ಕೋಟಿ ವರ್ಷಕ್ಕೆ 50 ಕಿಲೋಮೀಟರ್ ಆಗಬೇಕು. ಎವರೆಸ್ಟ್ ಎಷ್ಟಿದೆ? 8848.86 ಮೀಟರ್, 2020ರಲ್ಲಿ ನೇಪಾಳ, ಚೀನಾ ಸೇರಿ ಅಳೆದು ಹೇಳಿದ್ದು. ಒಂಬತ್ತು ಕಿಲೋಮೀಟರ್ ಕೂಡ ಇಲ್ಲ. ಮಿಕ್ಕ 41 ಯಾರು ತಿಂದರು? ಒಂದಷ್ಟು ತನ್ನ ಭಾರಕ್ಕೆ ತಾನೇ ಕುಸಿದು ಹರಡಿತು. ಮಿಕ್ಕದ್ದು ಗಂಗೆ, ಬ್ರಹ್ಮಪುತ್ರದ ಪಾಲು. ಅವೆರಡೂ ವರ್ಷಕ್ಕೆ ಸುಮಾರು 100 ಕೋಟಿ ಟನ್ ಹೂಳು ಹೊರುತ್ತವೆ. ಬಂಗಾಳ ಕೊಲ್ಲಿಯ ತಳದಲ್ಲಿ ಆ ಹೂಳು ಶ್ರೀಲಂಕಾ ದಾಟಿ ಹರಡಿದೆ, ಕೆಲವು ಕಡೆ 15 ಕಿಲೋಮೀಟರ್‌ಗೂ ಜಾಸ್ತಿ ದಪ್ಪ. ಅರ್ಥವಾಯಿತಾ? ಹಿಮಾಲಯದ ದೊಡ್ಡ ಪಾಲು ಸಮುದ್ರದ ತಳದಲ್ಲಿದೆ. ನೀವು ಮನಾಲಿಯಲ್ಲಿ ನೋಡಿ ಬಂದದ್ದು ಉಳಿದದ್ದು! ಉಳಿದದ್ದು!

(ನೀರು ಕುಡಿಯುತ್ತೇನೆ ಇರಿ.)

ಈ ಬಾಟಲಿ ಮೇಲೆ ಏನು ಬರೆದಿದೆ ಓದಿ. "ಎದ್ದದ್ದಲ್ಲ, ಉಳಿದದ್ದು." ಹೌದು, ಮಾಡಿಸಿದ್ದೇನೆ. ಟಿ-ಶರ್ಟ್ ಕೂಡ ಇದೆ, ಕಪ್ಪು ಮತ್ತು ಬೂದು. ಲಿಂಕ್ ಕೆಳಗಿದೆ. ಒಗೆದರೆ ಅಕ್ಷರ ಸವೆಯುತ್ತದೆ ಅಂತ ಒಬ್ಬರು ದೂರು ಕೊಟ್ಟರು. ಅದೂ ವಿಷಯಕ್ಕೆ ಹೊಂದುತ್ತದೆ ಅಂತ ಉತ್ತರ ಕೊಟ್ಟೆ, ದುಡ್ಡು ವಾಪಸ್ ಕೇಳಿದರು.

ಈಗ ಬುದ್ಧಿವಂತರ ಸರದಿ. "ಸರ್, ಸವೆದರೆ ಬೆಟ್ಟ ಮತ್ತೆ ಮೇಲಕ್ಕೆ ಬರುತ್ತದೆ, ಅದಕ್ಕೆ ಏನೋ ಹೆಸರಿದೆ." ಐಸೋಸ್ಟಸಿ. ನನಗೂ ಗೊತ್ತು. ಶ್ರೀರಂಗಪಟ್ಟಣದಲ್ಲಿ ಹರಿಗೋಲು ನೋಡಿದ್ದೀರಲ್ಲ? ಆರು ಜನ ಕೂತರೆ ಮುಳುಗುತ್ತದೆ, ಇಬ್ಬರು ಇಳಿದರೆ ಸ್ವಲ್ಪ ಮೇಲೆ ಬರುತ್ತದೆ. ಬೆಟ್ಟದ ಕೆಳಗೂ ಆಳಕ್ಕೆ ಇಳಿದ ಬುಡ ಇದೆ, ಅದು ಕೆಳಗಿನ ಭಾರದ ಕಲ್ಲಿನ ಮೇಲೆ ತೇಲುತ್ತಿದೆ. ತಲೆಯ ಮೇಲಿಂದ 10 ಅಡಿ ಸವೆದರೆ ಬುಡದಿಂದ ಸುಮಾರು 8 ಅಡಿ ಮೇಲೆ ಬರುತ್ತದೆ. ಇದು ಗೊತ್ತಾದ ಕಥೆಗೂ ಶ್ರೀರಂಗಪಟ್ಟಣಕ್ಕೂ ನಂಟಿದೆ ಸ್ವಾಮಿ. 1799ರಲ್ಲಿ ಟಿಪ್ಪು ಕೋಟೆಗೆ ನುಗ್ಗಿದ ಇಂಗ್ಲಿಷ್ ಸೈನ್ಯದಲ್ಲಿ ವಿಲಿಯಂ ಲ್ಯಾಂಬ್ಟನ್ ಅಂತ ಒಬ್ಬ ಇದ್ದ. ಅವನೇ 1802ರಲ್ಲಿ ಮದ್ರಾಸಿನಿಂದ ದೇಶ ಅಳೆಯುವ ಕೆಲಸ ಶುರು ಮಾಡಿದ. ಮುಂದೆ ಜಾರ್ಜ್ ಎವರೆಸ್ಟ್ ಅದನ್ನು ಹಿಮಾಲಯದವರೆಗೆ ಒಯ್ದ. ಅಲ್ಲಿ ದಾರಕ್ಕೆ ಕಟ್ಟಿದ ತೂಗುಗುಂಡು ಬೆಟ್ಟದ ಸೆಳೆತಕ್ಕೆ ಅದರ ಕಡೆ ಎಷ್ಟು ವಾಲಬೇಕಿತ್ತೋ ಅದರ ಮೂರನೇ ಒಂದು ಪಾಲು ಮಾತ್ರ ವಾಲುತ್ತಿತ್ತು. ಯಾಕೆ ಅಂದರೆ ಬೆಟ್ಟದ ಕೆಳಗೆ ಹಗುರ ಕಲ್ಲಿನ ಬುಡ ಇದೆ ಅಂತ 1855ರಲ್ಲಿ ಇಂಗ್ಲೆಂಡಿನ ಖಗೋಳ ವಿಜ್ಞಾನಿ ಜಾರ್ಜ್ ಏರಿ ಹೇಳಿದ.

"ಹಾಗಾದರೆ ಏಳುತ್ತದೆ ಅಲ್ವಾ?" ಏಳುತ್ತದೆ, ಯಾವಾಗ? ಸವೆದಾಗ! 10 ಹೋಗಿ 8 ಬಂದರೆ ಅದು ಲಾಭವಾ? ಅದನ್ನು ಏಳುವುದು ಅಂತ ಕರೆದರೆ ನನ್ನ ಬ್ಯಾಂಕ್ ಅಕೌಂಟೂ ಪ್ರತಿ ತಿಂಗಳು ಏಳುತ್ತಿದೆ.

ಸ್ಕ್ರಿಪ್ಟ್‌ನಲ್ಲಿ ಪಶ್ಚಿಮ ಘಟ್ಟದ್ದೂ ಇತ್ತು. ಬೇಗ ಹೇಳುತ್ತೇನೆ. ಸುಮಾರು 9 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮಿಂದ ಹರಿದುಕೊಂಡು ಹೋಯಿತು. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬ ಕಂಬ ಕಲ್ಲು ಆಗಿನ ಲಾವಾ. ಹರಿದ ಅಂಚು ಸವೆದು ಸವೆದು ಒಳಕ್ಕೆ ಸರಿಯಿತು, ಆ ಅಂಚೇ ಘಟ್ಟ. ಅರಾವಳಿಯದ್ದೂ ಇತ್ತು. ಅದು ಹಿಮಾಲಯಕ್ಕಿಂತ ಎಷ್ಟೋ ಪಟ್ಟು ಹಳೆಯದು, ಈಗ ಅದರಲ್ಲಿ ಅತಿ ಎತ್ತರದ ಗುರುಶಿಖರವೇ 1722 ಮೀಟರ್. ಇನ್ನೇನು ಹೇಳಲಿ? ಉಳಿದದ್ದು!

"ಮತ್ತೆ ಬೇಬಿ ಬೆಟ್ಟ ಸರ್?" ಅಂತ ಯಾರೋ ಕೇಳೇ ಕೇಳುತ್ತಾರೆ. ಪಾಂಡವಪುರದ ಹತ್ತಿರದ ಆ ಬೆಟ್ಟದಲ್ಲಿ ಕಲ್ಲು ಕ್ವಾರಿಗೆ ಸಿಡಿಮದ್ದು ಇಟ್ಟವರ ಮುಂದೆ ಮಳೆ, ಹೊಳೆ ಎಲ್ಲ ನಾಲಾಯಕ್. ಕೆಆರ್‌ಎಸ್ ನೀರಿನ ಮಟ್ಟ 124.80 ಅಡಿ ಅಂತ ದಶಮಾಂಶ ಸಮೇತ ಬಾಯಿಪಾಠ ಹೇಳುವ ನಮ್ಮ ಮಂಡ್ಯದವರು ಅದರ ತಳದಲ್ಲಿ ಕೂರುತ್ತಿರುವ ಹೂಳು ಯಾವ ಬೆಟ್ಟದ್ದು ಅಂತ ಒಂದು ದಿನವೂ ಕೇಳಲಿಲ್ಲ. ಕೊಡಗಿನದು! ಅದೂ... ಎಲ್ಲಿದ್ದೆ ನಾನು? ಪೇಪರ್ ಕೆಳಗೆ ಬಿತ್ತು. ಬಿಡಿ.

ದಿಬ್ಬ ಅಂತೆ ದಿಬ್ಬ. 80 ಕೋಟಿ ವರ್ಷದ ಕಲ್ಲಿಗೆ 5 ಕೋಟಿ ವರ್ಷದ ಹುಡುಗನನ್ನು ತೋರಿಸಿ ಎತ್ತರ ನೋಡು ಅನ್ನುತ್ತಾರೆ. ನನ್ನ ಮಗನೂ ನನಗಿಂತ ಎತ್ತರ ಇದ್ದಾನೆ. ಮನೆ ಯಾರ ಹೆಸರಲ್ಲಿದೆ ಕೇಳಿ.

ಭಾನುವಾರ ಬೆಳಿಗ್ಗೆ 6ಕ್ಕೆ ಮೆಟ್ಟಿಲು ಬುಡದಲ್ಲಿ ಇರುತ್ತೇನೆ, ಬರುವವರು ಬನ್ನಿ, ಕಾಮೆಂಟ್ ಹಾಕಿದವರು ಖಂಡಿತ ಬನ್ನಿ, ದಿಬ್ಬವನ್ನು ನಿಲ್ಲದೆ ಹತ್ತಿ ತೋರಿಸಿದರೆ ಇಳಿದ ಮೇಲೆ ಮಸಾಲೆ ದೋಸೆ ನನ್ನ ಲೆಕ್ಕದಲ್ಲಿ. ಟಿ-ಶರ್ಟ್ ಬೇಕಾದವರು ಸೈಜ್ ಹೇಳಿ.

ಇರಿ, ಈಗ ಇನ್ನೊಂದು ಕಾಮೆಂಟ್ ಬಂತು. "ಸರ್, ಬೆಟ್ಟ ಬೆಳೆಯಲ್ಲ ಸರಿ, ಆದ್ರೆ ನಂದಿ ವರ್ಷ ವರ್ಷ ಬೆಳೀತಿದೆ, ನಮ್ಮ ತಾತ ಅಳತೆ ಮಾಡಿದ್ದಾರೆ."

ಕ್ಯಾಮೆರಾ ಆಫ್ ಮಾಡಪ್ಪ.