ಕುದಿಸಿದರೂ ಹೋಗದ್ದು

ಅಧ್ಯಕ್ಷರೆ, ಗ್ರಂಥಾಲಯದ ಗೆಳೆಯರೆ, ಹಿಂದಿನ ಸಾಲಿನಲ್ಲಿ ಕೂತು ಆಗಲೇ ಮೊಬೈಲು ತೆಗೆದಿರುವ ವಿದ್ಯಾರ್ಥಿ ಮಿತ್ರರೆ,

ವಿಶ್ವ ಜಲ ದಿನದ ಭಾಷಣ ಅಂದರೆ ನೀರು ಉಳಿಸಿ ಅಂತ ಹೇಳಿ, ಹಾರ ಹಾಕಿಸಿಕೊಂಡು ಹೋಗುವುದು ಪದ್ಧತಿ. ಕೋಲಾರದವರಿಗೆ ಅದನ್ನು ಹೇಳುವುದು ಅಧಿಕಪ್ರಸಂಗ. ಸಾವಿರದ ಇನ್ನೂರು ಅಡಿ ಕೊರೆಸಿ ಬರೀ ಕಲ್ಲುಪುಡಿ ನೋಡಿದವರು ಇಲ್ಲಿ ಸಾಲಿಗೊಬ್ಬರಾದರೂ ಇದ್ದೀರಿ. ನಮ್ಮ ಸೀಮೆಗೆ ನೀರು ತರುವ ಕೆ.ಸಿ. ವ್ಯಾಲಿ, ಎತ್ತಿನಹೊಳೆ ಯೋಜನೆ ಎರಡನ್ನೂ ನಾನು ಮುಟ್ಟುವುದಿಲ್ಲ. ಮುಟ್ಟಿದರೆ ರಾತ್ರಿ ಊಟಕ್ಕೂ ಇಲ್ಲೇ ಎಲೆ ಹಾಕಬೇಕಾಗುತ್ತದೆ. ಸಿಗದ ನೀರಿನ ಬಗ್ಗೆ ಮಾತಾಡುವವರು ಬೇಕಾದಷ್ಟಿದ್ದಾರೆ. ನಾನು ಮಾತಾಡುವುದು ಸಿಕ್ಕಿದ ನೀರಿನ ಬಗ್ಗೆ, ಅಂದರೆ ಮನೆಯೊಳಕ್ಕೆ ಬಂದು ಬಿಂದಿಗೆಯಲ್ಲಿ ಕೂತಿರುವ ನೀರಿನ ಬಗ್ಗೆ. ಸಮಯ ಸಿಕ್ಕರೆ ಅದೇ ಮನೆಯ ಗಾಳಿಯ ಬಗ್ಗೆಯೂ.

ಮೇಷ್ಟ್ರಾಗಿದ್ದಾಗಿನಿಂದ ನಾನು ಕೇಳುತ್ತಾ ಬಂದಿರುವ ಮಾತು ಒಂದಿದೆ. "ನಾವು ಕುದಿಸಿ ಕುಡೀತೀವಿ ಸಾರ್, ನಮಗೇನೂ ಯೋಚನೆಯಿಲ್ಲ." ಕುದಿಸುವುದು ಒಳ್ಳೆಯದೇ. ಕಾಲರಾ, ಟೈಫಾಯಿಡ್, ಕಾಮಾಲೆ ತರುವ ಜೀವಿಗಳು ಕುದಿದ ನೀರಿನಲ್ಲಿ ಉಳಿಯುವುದಿಲ್ಲ. ಆದರೆ ನಮ್ಮ ಸೀಮೆಯ ಬೋರ್ ನೀರಿನಲ್ಲಿರುವ ಫ್ಲೋರೈಡ್ ಜೀವಿಯಲ್ಲ, ಕಲ್ಲಿನಿಂದ ಕರಗಿ ಬಂದದ್ದು. ಅದನ್ನು ಸಾಯಿಸಲಾಗುವುದಿಲ್ಲ. ಲೆಕ್ಕ ಹಾಕಿ: ಲೀಟರಿಗೆ 1.5 ಮಿಲಿಗ್ರಾಂ ಫ್ಲೋರೈಡ್ ಇರುವ ನೀರನ್ನು ನಾಲ್ಕರಲ್ಲಿ ಮೂರು ಪಾಲಿಗೆ ಇಳಿಯುವವರೆಗೆ ಕುದಿಸಿದರೆ, ಉಳಿದ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ಆಗುತ್ತದೆ. ಆವಿಯಾಗುವುದು ನೀರು ಮಾತ್ರ. ಕಷ್ಟಪಟ್ಟು ಗ್ಯಾಸು ಉರಿಸಿ ಫ್ಲೋರೈಡನ್ನು ಗಟ್ಟಿ ಮಾಡಿಕೊಂಡು ಕುಡಿದಹಾಗೆ. ಭಾರತೀಯ ಮಾನಕ ಹೇಳುವುದು 1 ಮಿಲಿಗ್ರಾಂ. ಬೇರೆ ನೀರಿಲ್ಲದಿದ್ದರೆ ಮಾತ್ರ 1.5ರವರೆಗೆ. ಅದಕ್ಕಿಂತ ಮೇಲೆ ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿಗೆ ಕಂದು ಪಟ್ಟೆ, ಇನ್ನೂ ಮೇಲೆ ಹೋದರೆ ದೊಡ್ಡವರ ಮೂಳೆಗೆ, ಕೀಲಿಗೆ ಪೆಟ್ಟು. ಹಲ್ಲಿನ ಪಟ್ಟೆ ಬ್ರಷ್ಷಿನಿಂದ ಹೋಗುವುದಿಲ್ಲ. ಹಲ್ಲು ಇನ್ನೂ ಒಸಡಿನೊಳಗೆ ಕಟ್ಟಿಕೊಳ್ಳುತ್ತಿದ್ದಾಗಲೇ ಅದು ಒಳಗೆ ಸೇರಿರುತ್ತದೆ. ಹತ್ತು ವರ್ಷದ ಮಗು ನಕ್ಕರೆ ಅದು ಮೂರನೇ ವರ್ಷದಲ್ಲಿ ಯಾವ ನೀರು ಕುಡಿದಿತ್ತು ಅಂತ ಹೇಳಬಹುದು.

ಇದು ಹೊಸ ರೋಗವೂ ಅಲ್ಲ. 1937ರಲ್ಲೇ ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ವೈದ್ಯರು ಇದನ್ನು ಗುರುತಿಸಿ ಬರೆದರು. ಆಗ ಅಲ್ಲಿ ಇದ್ದದ್ದು ತೆರೆದ ಬಾವಿ. ಹಾಗಾಗಿ ತಪ್ಪನ್ನೆಲ್ಲ ಬೋರ್‌ವೆಲ್ ತಲೆಗೆ ಕಟ್ಟುವುದಕ್ಕೆ ನಾನು ಒಪ್ಪುವುದಿಲ್ಲ. ಉತ್ತರ ಕರ್ನಾಟಕದ ಹಿರಿಯರು ಯಾರಾದರೂ ಇದ್ದರೆ ಅವರಿಗೆ ನಾರುಹುಣ್ಣು ನೆನಪಿರಬಹುದು: ಕಾಲಿನಿಂದ ದಾರದಂತೆ ಹುಳ ಹೊರಗೆ ಬರುತ್ತಿತ್ತು. ಮೆಟ್ಟಿಲು ಬಾವಿಗೆ ಇಳಿದು ನೀರು ತುಂಬುವುದನ್ನು ನಿಲ್ಲಿಸಿ, ಊರೂರಿಗೆ ಕೈಪಂಪು ಹಾಕಿದ್ದು ಆ ಹುಳವನ್ನು ಓಡಿಸಿದ ಕಾರಣಗಳಲ್ಲಿ ಒಂದು. ದೇಶದ ಕೊನೆಯ ಪ್ರಕರಣ 1996ರಲ್ಲಿ ರಾಜಸ್ಥಾನದಲ್ಲಿ, 2000ದಲ್ಲಿ ಭಾರತ ಮುಕ್ತವಾಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಕೈಪಂಪಿಗೆ ಕೈಮುಗಿಯಬೇಕು. ಆದರೆ ಹುಳದಿಂದ ತಪ್ಪಿಸಿಕೊಂಡವರು ಕಲ್ಲಿನ ಕೈಗೆ ಸಿಕ್ಕಿಕೊಂಡರು. ಮಳೆಗಾಲದ ಮೇಲುನೀರು ಕಲ್ಲಿನ ಜೊತೆ ಹೆಚ್ಚು ಕಾಲ ಕಳೆದಿರುವುದಿಲ್ಲ. ಸಾವಿರ ಅಡಿ ಕೆಳಗಿನ ಬಿರುಕಿನಲ್ಲಿ ಕೂತ ನೀರು ಕಾಲಾಂತರ ಕಲ್ಲನ್ನೇ ನೆನೆಸಿಟ್ಟ ಕಷಾಯ. ಅದರಲ್ಲಿ ಕ್ಯಾಲ್ಸಿಯಂ ಕಮ್ಮಿ, ಬೈಕಾರ್ಬೊನೇಟ್ ಜಾಸ್ತಿ ಇದ್ದರೆ ಫ್ಲೋರೈಡ್ ಇನ್ನೂ ಸಲೀಸಾಗಿ ಕರಗುತ್ತದೆ. ನೋಡಲು ಸ್ಫಟಿಕ, ಕುಡಿಯಲು ರುಚಿ.

ಇನ್ನು ನನಗೆ ಇಷ್ಟವಾದ ಕತೆ. ಕೆಲವರು ಕೇಳಿರುತ್ತೀರಿ, ಇನ್ನೊಂದು ಸಲ ಕೇಳಿ.

ನಮ್ಮ ಬೀದಿಯ ಒಬ್ಬ ಅಜ್ಜಿಯ ಮನೆಗೆ ಫಿಲ್ಟರ್ ಮಾರುವ ಹುಡುಗ ಬಂದ. ಟೈ ಕಟ್ಟಿದ್ದ, ಬಿಸಿಲಿಗೆ ಪಾಪ ಬೆವೆತಿದ್ದ. ನಾನು ಅಲ್ಲಿ ಪೇಪರ್ ಓದುತ್ತಾ ಕೂತಿದ್ದೆ. ಎರಡು ಗ್ಲಾಸ್ ತೆಗೆದ. ಒಂದರಲ್ಲಿ ಅಜ್ಜಿ ಮನೆಯ ಬೋರ್ ನೀರು, ಇನ್ನೊಂದರಲ್ಲಿ ತಾನು ಬಾಟಲಿಯಲ್ಲಿ ತಂದ ಫಿಲ್ಟರ್ ನೀರು. ಎರಡಕ್ಕೂ ಕಡ್ಡಿಗಳಿರುವ ಒಂದು ಸಾಧನ ಇಳಿಬಿಟ್ಟು ಸ್ವಿಚ್ ಹಾಕಿದ. ನೋಡುತ್ತಿದ್ದಂತೆ ಅಜ್ಜಿಯ ನೀರು ಕಂದಾಯಿತು, ಕಪ್ಪಾಯಿತು, ಮೇಲೆ ನೊರೆಯೂ ಬಂತು. ಅವನ ನೀರು ಮಾತ್ರ ಹಾಗೇ ಇತ್ತು. "ನೋಡಿ ಅಜ್ಜಿ, ಇಷ್ಟು ದಿನ ನೀವು ಕುಡಿದದ್ದು ಇದನ್ನೇ." ಅಜ್ಜಿ ಹೌಹಾರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮಗ ಆಗಲೇ ಜೇಬಿಗೆ ಕೈಹಾಕಿದ್ದ.

ನಾನು ಪೇಪರ್ ಮಡಿಸಿ, "ಅಜ್ಜಿ, ಒಂದು ಚಿಟಿಕೆ ಉಪ್ಪು ಕೊಡಿ" ಅಂದೆ. ಅವನ ಶುದ್ಧ ನೀರಿಗೆ ಉಪ್ಪು ಹಾಕಿ, ಕದಡಿ, "ಈಗ ಇಳಿಬಿಡಪ್ಪ" ಅಂದೆ. ಅವನು ಮನಸ್ಸಿಲ್ಲದ ಮನಸ್ಸಿನಿಂದ ಇಳಿಬಿಟ್ಟ. ಅದೂ ಕಂದಾಯಿತು, ಅಜ್ಜಿಯ ನೀರಿಗಿಂತ ಬೇಗ. ವಿಷಯ ಇಷ್ಟೇ: ಆ ಕಡ್ಡಿಗಳಲ್ಲಿ ಕಬ್ಬಿಣ ಇರುತ್ತದೆ. ಲವಣ ಇರುವ ನೀರಿನಲ್ಲಿ ಕರೆಂಟು ಹರಿದು ಕಬ್ಬಿಣವೇ ಕರಗಿ ತುಕ್ಕಾಗಿ ತೇಲುತ್ತದೆ. ಲವಣ ತೆಗೆದ ನೀರಿನಲ್ಲಿ ಕರೆಂಟು ಹರಿಯುವುದಿಲ್ಲ, ಕಡ್ಡಿ ಕರಗುವುದಿಲ್ಲ. ನಾನು ಇಷ್ಟುದ್ದ ವಿವರಿಸಿದ್ದನ್ನು ಅಜ್ಜಿ ಒಂದೇ ಮಾತಿನಲ್ಲಿ ಮುಗಿಸಿದರು: "ಅಂಗಾದ್ರೆ ಗಲೀಜು ನನ್ನ ನೀರಿಂದಲ್ಲ, ನಿನ್ನ ಕಡ್ಡೀದು ಕಣಪ್ಪ." ಹುಡುಗನಿಗೂ ನಗು ಬಂತು. ಅವನಿಗೂ ಇದು ಗೊತ್ತಿರಲಿಲ್ಲ, ತರಬೇತಿಯಲ್ಲಿ ಹೇಳಿಕೊಟ್ಟಂತೆ ಮಾಡುತ್ತಿದ್ದ. ಕಾಫಿ ಕುಡಿದು ಹೋದ.

ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಹೀರೊ ಆಗಿ ಉಳಿಯುತ್ತಿದ್ದೆ. ಅಜ್ಜಿಯ ನೀರನ್ನು ಲ್ಯಾಬಿಗೆ ಕಳಿಸಿದರೆ ಫ್ಲೋರೈಡ್ ಮಿತಿ ಮೀರಿತ್ತು. ಆ ಮನೆಗೆ ಆರ್.ಒ., ಅಂದರೆ ನೀರನ್ನು ಪೊರೆಯ ಮೂಲಕ ಒತ್ತಿ ಲವಣ ತೆಗೆಯುವ ಯಂತ್ರ, ಬೇಕೇ ಇತ್ತು! ಹುಡುಗ ತೋರಿಸಿದ ಪರೀಕ್ಷೆ ಸುಳ್ಳು, ಮಾರಲು ಬಂದ ಯಂತ್ರ ಮಾತ್ರ ಸರಿ. ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಅಜ್ಜಿಯ ಮಗಳ ಮನೆಯಲ್ಲಿ ಅದೇ ಕಡ್ಡಿ ಆಟ ಆಡಿ ಅದೇ ಥರದ ಯಂತ್ರ ಮಾರಿದ್ದರು, ಅಲ್ಲಿ ಅದರ ಅಗತ್ಯವೇ ಇರಲಿಲ್ಲ. ಅದಕ್ಕೇ ಹೇಳುವುದು, ಮೊದಲು ಅಳತೆ, ಆಮೇಲೆ ಯಂತ್ರ. ಇವತ್ತು ಈ ಮಾತು ಇನ್ನೂ ಹಲವು ಸಲ ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಸರಿ, ಆರ್.ಒ. ಬಂತು. ವಾರ ಕಳೆಯಿತು. ಅಜ್ಜಿ, "ನೀರು ಸಪ್ಪೆ, ಗಂಟಲಿಗೆ ಇಳಿಯಲ್ಲ" ಅಂದರು. ಮೆಕ್ಯಾನಿಕ್ ಬಂದು ಒಳಗಿನ ಟಿ.ಡಿ.ಎಸ್. ತಿರುಪನ್ನು, ಅಂದರೆ ನೀರಿನಲ್ಲಿ ಕರಗಿದ ಲವಣದ ಪ್ರಮಾಣ ಹೊಂದಿಸುವ ತಿರುಪನ್ನು, ಒಂಚೂರು ತಿರುಗಿಸಿದ. ನೀರು ರುಚಿಯಾಯಿತು. ಯಾಕೆ ರುಚಿಯಾಯಿತು? ಆ ತಿರುಪು ಮಾಡುವುದು ಒಂದೇ ಕೆಲಸ: ಆರ್.ಒ. ಪೊರೆಯನ್ನು ದಾಟಿಸದೆ ಹಸಿ ನೀರನ್ನು ಪಕ್ಕದಿಂದ ತಂದು ಬೆರೆಸುವುದು. ಮುಂಬಾಗಿಲಲ್ಲಿ ತಡೆದ ಫ್ಲೋರೈಡ್ ಹಿತ್ತಿಲಿನಿಂದ ಒಳಗೆ ಬಂತು. ಟಿ.ಡಿ.ಎಸ್. ಮೀಟರ್ ಅದನ್ನು ತೋರಿಸುವುದಿಲ್ಲ. ಅದು ಎಲ್ಲ ಲವಣಗಳ ಒಟ್ಟು ಮೊತ್ತವನ್ನು ಅಂದಾಜು ಮಾಡುತ್ತದೆ. ಐನೂರು ಮಿಲಿಗ್ರಾಂ ಮೊತ್ತದಲ್ಲಿ ಎರಡು ಮಿಲಿಗ್ರಾಂ ಫ್ಲೋರೈಡ್ ಅಡಗಿ ಕೂತರೆ ಯಾರಿಗೆ ಕಾಣಬೇಕು? ಇನ್ನು ಬರೀ ಯು.ವಿ. ಬೆಳಕಿನ ಫಿಲ್ಟರ್, ಕ್ಯಾಂಡಲ್ ಫಿಲ್ಟರ್ ಇಟ್ಟುಕೊಂಡವರು, ನಿಮ್ಮದು ಕ್ರಿಮಿಗೆ ಮಾತ್ರ. ಫ್ಲೋರೈಡಿಗೆ ಅವು ಲೆಕ್ಕಕ್ಕಿಲ್ಲ.

ಇನ್ನೊಂದು ವಿಷಯ, ತಾಯಂದಿರು ಕೇಳಿಸಿಕೊಳ್ಳಿ. ಊರಿನ ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿ ಕಾಯಿನ್ ಹಾಕಿ ಇಪ್ಪತ್ತು ಲೀಟರ್ ಕ್ಯಾನ್ ತರುತ್ತೀರಿ. ಕುಡಿಯಲು ಅದು, ಅಡುಗೆಗೆ ಬೋರ್ ನೀರು. ಮುದ್ದೆಯ ಎಸರು ಯಾವ ನೀರು? ಅನ್ನ ಹೀರಿಕೊಂಡದ್ದು, ಬೇಳೆ ಬೆಂದದ್ದು, ಸೊಪ್ಪಿನ ಸಾರು? ನೀರನ್ನು ನಾವು ಕುಡಿಯುವುದಷ್ಟೇ ಅಲ್ಲ, ತಿನ್ನುತ್ತೇವೆ ಕೂಡ. ಕ್ಯಾನ್ ನೀರು ಅಡುಗೆಗೂ ಆಗಬೇಕು. ಮತ್ತೆ ಆ ಘಟಕದ ಪೊರೆ ಬದಲಾಯಿಸಿ ಎಷ್ಟು ಕಾಲವಾಯಿತು ಅಂತ ಪಂಚಾಯಿತಿಯಲ್ಲಿ ಕೇಳಿ. ಘಟಕ ಹೊರಬಿಡುವ ಗಡಸು ನೀರು ಎಲ್ಲಿಗೆ ಹೋಗುತ್ತಿದೆ ಅಂತಲೂ ಕೇಳಿ. ಚರಂಡಿಯಿಂದ ನೆಲಕ್ಕೆ, ನೆಲದಿಂದ ಮತ್ತೆ ಯಾರದೋ ಬೋರಿಗೆ.

ಯುರೇನಿಯಂ. ಹೆಸರು ಕೇಳಿದೊಡನೆ ಹಿಂದಿನ ಸಾಲಿನವರು ತಲೆ ಎತ್ತಿದಿರಿ, ಸಂತೋಷ. ಕಣಶಿಲೆಯಲ್ಲಿ, ಅಂದರೆ ಗ್ರಾನೈಟಿನಲ್ಲಿ, ಯುರೇನಿಯಂ ಸ್ವಲ್ಪ ಸ್ವಲ್ಪ ಇದ್ದೇ ಇರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಕೋಲಾರ, ಚಿಕ್ಕಬಳ್ಳಾಪುರವೂ ಸೇರಿ ಪೂರ್ವ ಕರ್ನಾಟಕದ ಎಪ್ಪತ್ತಕ್ಕೂ ಹೆಚ್ಚು ಹಳ್ಳಿಗಳ ನೀರು ನೋಡಿದಾಗ, ಬಹುಪಾಲು ಕಡೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ ಲೀಟರಿಗೆ 30 ಮೈಕ್ರೊಗ್ರಾಂ ದಾಟಿತ್ತು. ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಿತಿ 60. ಬಾಂಬಿನ ಭಯ ಬೇಡ. ನೀರಿನ ಯುರೇನಿಯಂ ಮೊದಲು ಹೊಡೆಯುವುದು ವಿಕಿರಣದಿಂದಲ್ಲ, ಭಾರಲೋಹವಾಗಿ, ಮೂತ್ರಪಿಂಡಕ್ಕೆ. ಇದೂ ಕುದಿಸಿದರೆ ಹೋಗುವುದಿಲ್ಲ, ಆರ್.ಒ.ದಿಂದ ಹೋಗುತ್ತದೆ. ಹಳ್ಳಿಗಳಲ್ಲಿ ಹೆಣ್ಣುಮಕ್ಕಳಿಗೆ ಕೊಟ್ಟಿರುವ ಪರೀಕ್ಷಾ ಕಿಟ್ಟಿನಲ್ಲಿ ಫ್ಲೋರೈಡ್ ಗೊತ್ತಾಗುತ್ತದೆ, ಯುರೇನಿಯಂ ಗೊತ್ತಾಗುವುದಿಲ್ಲ. ಅದಕ್ಕೆ ದೊಡ್ಡ ಲ್ಯಾಬೇ ಬೇಕು.

ಅದೇ ಯುರೇನಿಯಂ ಕಲ್ಲಿನೊಳಗೆ ಕ್ಷಯಿಸುತ್ತಾ ರೇಡಿಯಂ ಆಗಿ, ರೇಡಿಯಂ ರೇಡಾನ್ ಆಗುತ್ತದೆ. ರೇಡಾನ್ ಅನಿಲ. ನೆಲದ ಬಿರುಕಿನಿಂದ ಮೇಲೆದ್ದು ಮನೆಯೊಳಕ್ಕೆ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. 1984ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸ್ಟ್ಯಾನ್ಲಿ ವಾಟ್ರಸ್ ಎಂಬ ಎಂಜಿನಿಯರ್ ಲಿಮೆರಿಕ್ ಅಣುಸ್ಥಾವರಕ್ಕೆ ಕೆಲಸಕ್ಕೆ ಬಂದಾಗಲೆಲ್ಲ ವಿಕಿರಣ ಪತ್ತೆಯ ಗಂಟೆ ಹೊಡೆದುಕೊಳ್ಳುತ್ತಿತ್ತು. ಸ್ಥಾವರವಾದರೋ ಇನ್ನೂ ವಿದ್ಯುತ್ ಉತ್ಪಾದನೆ ಶುರು ಮಾಡಿರಲಿಲ್ಲ. ಒಂದು ದಿನ ಆತ ಒಳಗೆ ಕೆಲಸಕ್ಕೆ ಹೋಗದೆ ಬಾಗಿಲಿಂದಲೇ ನೇರ ಯಂತ್ರದ ಮುಂದೆ ಬಂದು ನಿಂತ, ಆಗಲೂ ಗಂಟೆ ಹೊಡೆಯಿತು. ಅಂದರೆ ವಿಕಿರಣವನ್ನು ಆತ ಮನೆಯಿಂದ ತಂದಿದ್ದ! ಮನೆ ಅಳೆದರೆ ಅಮೆರಿಕ ಆಮೇಲೆ ಹಾಕಿಕೊಂಡ ಮಿತಿಯ ಸುಮಾರು ಏಳುನೂರು ಪಟ್ಟು ರೇಡಾನ್. ಅಣುಸ್ಥಾವರಕ್ಕಿಂತ ಮಲಗುವ ಕೋಣೆ ಅಪಾಯಕಾರಿ ಅಂತ ಯಾರು ಊಹಿಸಿದ್ದರು? ಅಳೆದಾಗಲೇ ಗೊತ್ತಾದದ್ದು. ಮೊದಲು ಅಳತೆ ಅಂತ ಹೇಳಿದೆನಲ್ಲ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಐದು ನಿಮಿಷ. ರೇಡಾನಿನ ಪುಟ ಎರಡು ಉಳಿದಿದೆ, ಒಂದನ್ನು ಹಾರಿಸುತ್ತೇನೆ.

ಉಸಿರಿನ ಜೊತೆ ಒಳಗೆ ಹೋದ ರೇಡಾನ್ ಬಹುಪಾಲು ಹಾಗೇ ಹೊರಗೆ ಬರುತ್ತದೆ. ಕೆಡುಕು ಮಾಡುವುದು ಅದು ಕ್ಷಯಿಸಿ ಹುಟ್ಟುವ ಮರಿ, ಪೊಲೋನಿಯಂ. ಅದು ಧೂಳಿಗೆ, ಹೊಗೆಗೆ ಅಂಟಿಕೊಂಡು ಶ್ವಾಸಕೋಶದಲ್ಲಿ ಕೂರುತ್ತದೆ. ಬೀಡಿ ಸಿಗರೇಟು ಸೇದುವವರಿಗೆ ಅಪಾಯ ಇನ್ನೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಟ್ಟ ಘನ ಮೀಟರ್ ಗಾಳಿಗೆ 100 ಬೆಕೆರೆಲ್; ಬೆಕೆರೆಲ್ ಅಂದರೆ ವಿಕಿರಣದ ಅಳತೆ. ನಮ್ಮ ಹಳೇ ಮನೆಗಳಲ್ಲಿ ನಾಡಹೆಂಚಿನ ಸಂದಿ, ಬೆಳಕಿಂಡಿ, ಯಾವಾಗಲೂ ತೆರೆದ ಹಿತ್ತಿಲ ಬಾಗಿಲು ಇರುತ್ತಿದ್ದವು. ಅನಿಲ ನಿಲ್ಲುತ್ತಲೇ ಇರಲಿಲ್ಲ. ಈಗ ಎ.ಸಿ. ಹಾಕಿ ಗಾಜು ಮುಚ್ಚಿ, ಸೆಲ್ಲಾರಿನಲ್ಲಿ ಆಫೀಸು ಮಾಡಿದ್ದೇವೆ. ಅಡುಗೆಕಟ್ಟೆಯ ಗ್ರಾನೈಟ್ ಒಡೆಸಬೇಕಾ ಅಂತ ಹೋದ ತಿಂಗಳು ಒಬ್ಬರು ಫೋನ್ ಮಾಡಿದ್ದರು. ಬೇಡ. ಹೆಚ್ಚಿನ ಪಾಲು ಬರುವುದು ಕೆಳಗಿನ ನೆಲದಿಂದ. ಬಿರುಕು ಮುಚ್ಚಿಸಿ, ಕಿಟಕಿ ತೆಗೆಯಿರಿ. ಅಳೆಯುವುದಕ್ಕೆ ಒಂದು ಚಿಕ್ಕ ಪ್ಲಾಸ್ಟಿಕ್ ಫಿಲ್ಮನ್ನು ಮೂರು ತಿಂಗಳು ಕೋಣೆಯಲ್ಲಿ ನೇತುಹಾಕಿ, ಕಣಗಳು ಅದರಲ್ಲಿ ಮಾಡಿದ ಗೀರುಗಳನ್ನು ಎಣಿಸುತ್ತಾರೆ. ಅಂದಹಾಗೆ, ಬೋರ್ ನೀರಿನಲ್ಲಿ ಕರಗಿರುವ ರೇಡಾನ್ ಮಾತ್ರ ಕುದಿಸಿದರೆ ಹೋಗುತ್ತದೆ. ಕುದಿಸುವವರಿಗೆ ನಾನು ಕೊಡಬಹುದಾದ ಸಮಾಧಾನ ಅದೊಂದೇ, ಆದರೆ ಹೋಗುವುದು ಅಡುಗೆಮನೆಯ ಗಾಳಿಗೇ, ಕಿಟಕಿ ತೆಗೆದಿರಲಿ.

ಹೊಗೆಯ ಭಾಗ ಪೂರ್ತಿ ಬಿಟ್ಟೆ. ಸೊಳ್ಳೆ ಕಾಯಿಲ್ ಬಗ್ಗೆ ಒಂದೇ ಮಾತು: ಒಂದು ಕಾಯಿಲ್ ಉರಿದು ಮುಗಿಯುವಷ್ಟರಲ್ಲಿ ಬಿಡುವ ಸೂಕ್ಷ್ಮ ಕಣ 75ರಿಂದ 137 ಸಿಗರೇಟಿನಷ್ಟು ಅಂತ 2003ರ ಒಂದು ಅಧ್ಯಯನ ಲೆಕ್ಕ ಹಾಕಿತ್ತು. ಸೊಳ್ಳೆಪರದೆ ಕಟ್ಟಿ.

ಆದರೆ ಒಂದನ್ನು ಹೇಳದೆ ವೇದಿಕೆ ಇಳಿಯುವುದಿಲ್ಲ ಅಧ್ಯಕ್ಷರೆ, ಕ್ಷಮಿಸಿ. ಬಚ್ಚಲುಮನೆಯೊಳಗೆ ಗ್ಯಾಸ್ ಗೀಸರ್ ಇಟ್ಟವರು ಕೈಯೆತ್ತಿ... ಇಷ್ಟೊಂದು ಜನ! ಇವತ್ತೇ ಅದನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ. ಬಾಗಿಲು ಕಿಟಕಿ ಮುಚ್ಚಿದ ಬಚ್ಚಲಲ್ಲಿ ಗ್ಯಾಸು ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೂ ವಾಸನೆಯಿಲ್ಲ. ಫ್ಲೋರೈಡ್ ವರ್ಷಗಳ ಸಮಯ ಕೊಡುತ್ತದೆ, ರೇಡಾನ್ ದಶಕಗಳ ಸಮಯ ಕೊಡುತ್ತದೆ, ಇದು ಒಂದು ಸ್ನಾನದ ಹೊತ್ತನ್ನೂ ಕೊಡುವುದಿಲ್ಲ. ಇಲ್ಲಿ ಮಾತ್ರ ಅಳತೆಗೆ ಕಾಯಬೇಡಿ.

ಮಳೆನೀರಿನ ಲೆಕ್ಕ ಬೋರ್ಡಿನ ಮೇಲೆ ಬರೆದಿದ್ದೇನೆ, ಹೋಗುವಾಗ ನೋಡಿ. ನಮ್ಮಲ್ಲಿ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ, ಸಾವಿರ ಚದರಡಿ ತಾರಸಿ, ಸೋರಿಹೋದದ್ದು ಕಳೆದರೂ ಐವತ್ತು ಸಾವಿರ ಲೀಟರ್. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ ಮೂವತ್ತು ಲೀಟರ್ ಅಂದರೂ ವರ್ಷಕ್ಕೆ ಹನ್ನೊಂದು ಸಾವಿರ ಸಾಕು. ಆಕಾಶದ ನೀರಿಗೆ ಕಲ್ಲಿನ ಸಹವಾಸ ಇಲ್ಲ. ಮೊದಲ ಮಳೆಯ ನೀರು ಹೊರಗೆ ಬಿಡಿ, ಸಂಪು ಮುಚ್ಚಿಡಿ. ಅದನ್ನು ಕುದಿಸಿ ಕುಡಿಯಿರಿ, ಖಂಡಿತ.

ಪರೀಕ್ಷೆಗೆ ಅಂತ ಮನೆಯ ನೀರು ತಂದವರು ಬಾಟಲಿಗಳನ್ನು ಬಾಗಿಲ ಪಕ್ಕದ ಮೇಜಿನ ಮೇಲಿಡಿ. ಗಾಜಿನ ಬಾಟಲಿ ಬೇಡ, ಪ್ಲಾಸ್ಟಿಕ್ಕಿನದೇ ಆಗಬೇಕು; ಫ್ಲೋರೈಡ್ ಗಾಜಿಗೆ ಅಂಟುತ್ತದೆ. ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಿರಬೇಕು. ಚೀಟಿಯಲ್ಲಿ ಊರು, ಬೋರಿನ ಆಳ, ನೀರು ಹಿಡಿದದ್ದು ನಲ್ಲಿಯಲ್ಲೋ ಟ್ಯಾಂಕಿನಲ್ಲೋ ಅಂತ ಬರೆಯಿರಿ. ಆಳ ಗೊತ್ತಿಲ್ಲದಿದ್ದರೆ ಮನೆಗೆ ಫೋನ್ ಮಾಡಿ ಕೇಳಿ. ಅಪ್ಪನಿಗೆ ಎಷ್ಟು ಅಡಿ, ಎಷ್ಟು ದುಡ್ಡು, ಎರಡೂ ಬಾಯಿಪಾಠ ಇರುತ್ತದೆ.