ಡೆಂಟಲ್ ಅಸಿಸ್ಟೆಂಟ್: ಫೀಸು ಕಟ್ಟುವ ಮೊದಲು ಕೇಳಿಕೊಳ್ಳಿ

ಕೇಳುಗರಿಗೆ ನಮಸ್ಕಾರ.

ಮುಂಬೈ ಹತ್ತಿರದ ಡೊಂಬಿವಲಿ, ಪುಣೆ ಹತ್ತಿರದ ಪಿಂಪ್ರಿ, ಗೋವಾದ ವಾಸ್ಕೊ ಕಡೆಯ ನಮ್ಮ ಕನ್ನಡದ ಮನೆಗಳಲ್ಲಿ ಹತ್ತನೆಯದೋ ಹನ್ನೆರಡನೆಯದೋ ಮುಗಿಸಿದ ಮಕ್ಕಳಿದ್ದರೆ, ಡೆಂಟಲ್ ಅಸಿಸ್ಟೆಂಟ್ ಕೋರ್ಸಿನ ಮಾತು ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಮರ್ಯಾದೆಯ ಕೆಲಸ, ಕಲಿಯುವುದಕ್ಕೂ ಬಹಳವಿದೆ. ಆದರೆ ಫೀಸು ಕಟ್ಟುವ ಮೊದಲು, ಆ ಸರ್ಟಿಫಿಕೇಟು ನಿಮಗೆ ಏನು ಕೊಡುತ್ತದೆ, ಏನು ಕೊಡುವುದಿಲ್ಲ ಎನ್ನುವುದನ್ನು ತಿಳಿದುಕೊಳ್ಳಿ.

ನಮ್ಮ ದೇಶದ 1948ರ ದಂತವೈದ್ಯರ ಕಾಯ್ದೆ ಮೂವರಿಗೆ ನೋಂದಣಿ ಕೊಟ್ಟಿತು: ದಂತವೈದ್ಯರು, ಡೆಂಟಲ್ ಹೈಜೀನಿಸ್ಟರು, ಹಲ್ಲಿನ ಸೆಟ್ಟು ಮಾಡುವ ಡೆಂಟಲ್ ಮೆಕ್ಯಾನಿಕ್‌ಗಳು. ಸಹಾಯಕರಿಗೆ ಅದರಲ್ಲಿ ಪಟ್ಟಿ ಇರಲಿಲ್ಲ. ಹಲ್ಲಿನ ಕಿಟ್ಟ ತೆಗೆದು ಪಾಲಿಶ್ ಮಾಡುವವರನ್ನೇ ಆ ಕಾಯ್ದೆ ಹೈಜೀನಿಸ್ಟ್ ಎಂದು ಕರೆಯಿತು. ಹಾಗಾಗಿ ಕೆಲವು ತಿಂಗಳ ಕೋರ್ಸು ಮಾಡಿದವರ ಕೈಗೆ ಕಿಟ್ಟ ತೆಗೆಯುವ ಸ್ಕೇಲರ್ ಕೊಟ್ಟು 'ಈ ಪೇಷಂಟನ್ನು ನೀನೇ ಕ್ಲೀನ್ ಮಾಡು' ಎಂದು ಯಾರಾದರೂ ಹೇಳಿದರೆ, ಆಗುವುದಿಲ್ಲ ಎನ್ನಬೇಕು. ಇಂಜೆಕ್ಷನ್, ಫಿಲ್ಲಿಂಗ್, ಹಲ್ಲು ಕೀಳುವುದು ಇವಂತೂ ದೂರದ ಮಾತು. 'ಕೋರ್ಸು ಮುಗಿದರೆ ನೀವೇ ಚಿಕಿತ್ಸೆ ಮಾಡಬಹುದು' ಎಂದು ಆಸೆ ಹುಟ್ಟಿಸುವ ಸಂಸ್ಥೆಯ ಮೆಟ್ಟಿಲು ಹತ್ತಬೇಡಿ.

ಸರ್ಟಿಫಿಕೇಟು ಯಾರ ಹೆಸರಿನಲ್ಲಿ ಬರುತ್ತದೆ ಎಂದು ಮೊದಲು ಕೇಳಿ. ಕೌಶಲ್ಯ ತರಬೇತಿಗಳನ್ನು ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎನ್‌ಸಿವಿಇಟಿ. ಅದು ಮಾನ್ಯ ಮಾಡಿದ ಸಂಸ್ಥೆಯ ಸರ್ಟಿಫಿಕೇಟಾದರೆ ಊರು ಬಿಟ್ಟರೂ ಬೆಲೆ ಇರುತ್ತದೆ. ಎರಡನೆಯದಾಗಿ, ಕ್ಲಿನಿಕ್‌ನಲ್ಲಿ ನಿಜವಾದ ಪೇಷಂಟುಗಳ ಪಕ್ಕ ಎಷ್ಟು ಗಂಟೆ ನಿಲ್ಲಿಸುತ್ತಾರೆ ಎಂಬುದನ್ನು ಬರೆಸಿಕೊಳ್ಳಿ. ಬರೀ ಸ್ಲೈಡ್ ತೋರಿಸಿ ಕಲಿಸುವ ಕೆಲಸ ಇದಲ್ಲ.

ಕಲಿಕೆಯಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಡುವುದು ಸ್ಟೆರಿಲೈಸೇಷನ್, ಅಂದರೆ ಉಪಕರಣಗಳ ಮೇಲಿನ ಕ್ರಿಮಿಗಳನ್ನು ಪೂರ್ತಿ ಕೊಲ್ಲುವುದು. ಪೇಷಂಟಿಗೆ ಇದು ಕಾಣುವುದಿಲ್ಲ, ಡಾಕ್ಟರಿಗೆ ನೋಡಲು ಪುರುಸೊತ್ತಿರುವುದಿಲ್ಲ. ಹೆಪಟೈಟಿಸ್ ಬಿ ಒಬ್ಬರ ಬಾಯಿಂದ ಇನ್ನೊಬ್ಬರಿಗೆ ಹೋಗದಂತೆ ತಡೆಯುವ ಹೊಣೆ ದಿನದಿನವೂ ಅಸಿಸ್ಟೆಂಟಿನ ಮೇಲೆಯೇ ಬೀಳುತ್ತದೆ.

ದಪ್ಪ ರಬ್ಬರ್ ಗ್ಲೌಸ್ ಹಾಕಿಕೊಂಡು, ರಕ್ತ ಒಣಗುವ ಮುಂಚೆ ಉಪಕರಣಗಳನ್ನು ನೆನೆಹಾಕಬೇಕು. ಆಮೇಲೆ ಅಲ್ಟ್ರಾಸಾನಿಕ್ ಕ್ಲೀನರ್, ತೊಳೆಯುವುದು, ಒರೆಸಿ ಪೂರ್ತಿ ಒಣಗಿಸುವುದು, ಕಾಗದದ ಪೌಚಿಗೆ ಹಾಕಿ ಸೀಲ್ ಮಾಡಿ, ಒತ್ತಡದ ಉಗಿಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್ ಯಂತ್ರಕ್ಕೆ ಇಡುವುದು. ಕೊಳೆ ಉಳಿದ ಜಾಗಕ್ಕೆ ಉಗಿ ತಾಗುವುದಿಲ್ಲ. ತೊಳೆಯುವುದರಲ್ಲಿ ಅವಸರ ಮಾಡಿದರೆ ಆಟೋಕ್ಲೇವ್ ಎಷ್ಟೇ ಒಳ್ಳೆಯದಿದ್ದರೂ ವ್ಯರ್ಥ. ಹಲ್ಲು ಕೊರೆಯುವ ಹ್ಯಾಂಡ್‌ಪೀಸನ್ನು ಮಾತ್ರ ದ್ರಾವಣದಲ್ಲಿ ಮುಳುಗಿಸಬಾರದು, ಅಲ್ಟ್ರಾಸಾನಿಕ್‌ಗೂ ಹಾಕಬಾರದು, ಬೇರಿಂಗ್ ಹೋಗುತ್ತದೆ. ಹೊರಗೆ ಒರೆಸಿ, ಎಣ್ಣೆ ಬಿಟ್ಟು, ಕೆಲವು ಸೆಕೆಂಡು ಓಡಿಸಿ ಹೆಚ್ಚಿನ ಎಣ್ಣೆ ಹೊರಬಂದ ಮೇಲೆ ಪೌಚಿಗೆ ಹಾಕುವುದು.

ಆಟೋಕ್ಲೇವಿನ ಲೆಕ್ಕ 121 ಡಿಗ್ರಿ ಸೆಲ್ಸಿಯಸ್, 15 ಪೌಂಡ್ ಒತ್ತಡ, ಪೌಚಿನಲ್ಲಿಟ್ಟ ಉಪಕರಣಕ್ಕೆ 30 ನಿಮಿಷ. ಸ್ವಿಚ್ ಹಾಕಿದ ಕೂಡಲೇ ಸಮಯ ಹಿಡಿಯುವವರಿದ್ದಾರೆ, ಅದು ತಪ್ಪು. ಉಷ್ಣತೆ 121 ಮುಟ್ಟಿದ ಮೇಲೆ ಹಿಡಿಯಬೇಕು. ಚಿಕ್ಕ ಕ್ಲಿನಿಕ್‌ಗಳಲ್ಲಿ ಕುಕ್ಕರ್ ಮಾದರಿಯ ಆಟೋಕ್ಲೇವ್ ಇರುತ್ತದೆ. ಅದರಲ್ಲಿ ಒಳಗಿನ ಗಾಳಿ ಪೂರ್ತಿ ಹೊರಗೆ ಹೋಗುವ ಮುಂಚೆ ವಾಲ್ವ್ ಮುಚ್ಚಿದರೆ, ಮುಳ್ಳು 15 ಪೌಂಡ್ ತೋರಿಸಿದರೂ ಉಷ್ಣತೆ ಅಷ್ಟಕ್ಕೆ ಏರಿರುವುದಿಲ್ಲ. ಪೌಚುಗಳನ್ನು ಒಂದರ ಮೇಲೊಂದು ಒಟ್ಟಬೇಡಿ. ಸ್ಟ್ಯಾಂಡಿನಲ್ಲಿ ತಟ್ಟೆ ಜೋಡಿಸಿದ ಹಾಗೆ ಅಂಚಿನ ಮೇಲೆ ನಿಲ್ಲಿಸಿ. ಒದ್ದೆಯಾಗಿ ಹೊರಬಂದ ಪೌಚ್ ಕೆಟ್ಟ ಪೌಚ್, ಒದ್ದೆ ಕಾಗದದ ಮೂಲಕ ಕ್ರಿಮಿ ಒಳಗೆ ಹೋಗುತ್ತದೆ. ಅದನ್ನು ಒರೆಸಿ ಡ್ರಾಯರಿಗೆ ಹಾಕದೆ, ಹೊಸ ಪೌಚಿನಲ್ಲಿಟ್ಟು ಮತ್ತೆ ಮೊದಲಿನಿಂದ ಮಾಡಬೇಕು. ಪುಣೆಯ ಎಷ್ಟೋ ಕಟ್ಟಡಗಳಲ್ಲಿ ಬರುವುದು ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು. ಅದನ್ನು ಆಟೋಕ್ಲೇವಿಗೆ ಹಾಕಿದರೆ ಕಾಯಿಲ್‌ಗೆ ಸುಣ್ಣ ಕಟ್ಟುತ್ತದೆ, ಡಿಸ್ಟಿಲ್ಡ್ ನೀರೇ ಬೇಕು. ಇನ್ನು ಬಣ್ಣ ಬದಲಾಗುವ ಟೇಪು ನಂಬಿ ಕೂರಬೇಡಿ, ಬಿಸಿ ತಾಗಿದೆ ಎನ್ನುವುದಕ್ಕಿಂತ ಹೆಚ್ಚೇನನ್ನೂ ಅದು ಹೇಳುವುದಿಲ್ಲ. ಸುಲಭಕ್ಕೆ ಸಾಯದ ಕ್ರಿಮಿಯನ್ನು ಆಟೋಕ್ಲೇವಿನಲ್ಲಿಟ್ಟು ಸತ್ತಿತೇ ಎಂದು ನೋಡುವ ಸ್ಪೋರ್ ಟೆಸ್ಟನ್ನು ವಾರಕ್ಕೊಮ್ಮೆ ಮಾಡುವ ಕ್ಲಿನಿಕ್ ಸಿಕ್ಕರೆ ಸಂಬಳ ಸ್ವಲ್ಪ ಕಡಿಮೆಯಾದರೂ ಅಲ್ಲೇ ಸೇರಿ ಎನ್ನುತ್ತೇನೆ.

ಚೇರಿನ ಪಕ್ಕದ ಕೆಲಸ ನೋಡೋಣ. ನಿಮ್ಮ ಸ್ಟೂಲು ಡಾಕ್ಟರ ಸ್ಟೂಲಿಗಿಂತ 10ರಿಂದ 15 ಸೆಂಟಿಮೀಟರ್ ಎತ್ತರವಿದ್ದರೆ ಬಾಯೊಳಗೆ ಕಾಣುತ್ತದೆ. ಬಲಗೈ ಡಾಕ್ಟರಾದರೆ ಬಾಯಿಯ ನೀರು ಎಳೆಯುವ ಸಕ್ಷನ್ ನಿಮ್ಮ ಬಲಗೈಯಲ್ಲಿ, ಉಪಕರಣ ಕೊಡುವುದು ಎಡಗೈಯಲ್ಲಿ, ಪೇಷಂಟಿನ ಗದ್ದದ ಬಳಿ. ಕಣ್ಣಿನ ಮೇಲಿಂದ ಎಂದೂ ದಾಟಿಸಬಾರದು. ಸಕ್ಷನ್ ಟಿಪ್ಪನ್ನು ಡಾಕ್ಟರು ಕನ್ನಡಿ ಇಡುವ ಮುಂಚೆಯೇ ಇಟ್ಟಿರಬೇಕು. ಮೃದು ಅಂಗುಳಕ್ಕೆ ತಾಗಿದರೆ ಪೇಷಂಟಿಗೆ ಓಕರಿಕೆ ಬರುತ್ತದೆ. ಜೊಲ್ಲು ಎಳೆಯುವ ಸಣ್ಣ ಪೈಪನ್ನು ಪೇಷಂಟು ತುಟಿ ಬಿಗಿದು ಹಿಡಿಯಲು ಬಿಡಬೇಡಿ. ಒತ್ತಡ ತಿರುಗಿ, ಹಿಂದಿನ ಪೇಷಂಟಿನಿಂದ ಪೈಪಿನಲ್ಲಿ ಉಳಿದದ್ದು ಇವರ ಬಾಯಿಗೆ ಬರಬಹುದು.

ಮುಂಬೈ, ಪುಣೆಯಲ್ಲಿ 'ತೋಂಡ ಉಘಡಾ' (ಬಾಯಿ ತೆರೆಯಿರಿ), 'ಚೂಳ ಭರಾ' (ಬಾಯಿ ಮುಕ್ಕಳಿಸಿ) ಎನ್ನುವಷ್ಟು ಮರಾಠಿ ಬೇಕೇ ಬೇಕು. ಆದರೆ ನಿಮ್ಮ ಕನ್ನಡವೂ ಕೆಲಸಕ್ಕೆ ಬರುತ್ತದೆ. ವಾಸ್ಕೊದಲ್ಲಿ ವಿಜಯಪುರ, ಬಾಗಲಕೋಟೆ ಕಡೆಯ ಅಜ್ಜ ಹಲ್ಲು ಕೀಳಿಸಲು ಬಂದು ಕೂತಿದ್ದರೆ, 'ಅಜ್ಜಾರ, ಹಾರ್ಟಿನ ಡಾಕ್ಟರ ಕೊಟ್ಟ ಗುಳಿಗಿ ಏನರ ತಗೋತೀರೇನ್ರಿ?' ಎಂದು ಕೇಳಿ ಡಾಕ್ಟರಿಗೆ ಹೇಳಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತ ಬೇಗ ನಿಲ್ಲುವುದಿಲ್ಲ, ಅದು ಡಾಕ್ಟರಿಗೆ ಮೊದಲೇ ಗೊತ್ತಿರಬೇಕು.

ಹಲ್ಲಿನ ಅಳತೆಯ ಅಚ್ಚು ತೆಗೆಯುವ ಅಲ್ಜಿನೇಟ್ ಪುಡಿ ಕಲಸುವುದು ನಮ್ಮ ಕರಾವಳಿಯ ಹವೆಯಲ್ಲಿ ಕೈಗೆ ಬೇಗ ಹತ್ತುವುದಿಲ್ಲ. ಡಬ್ಬಿಯನ್ನು ಮೊದಲು ಅಲುಗಾಡಿಸಿ ಪುಡಿ ಸಡಿಲ ಮಾಡಿ, ಇಲ್ಲದಿದ್ದರೆ ಸ್ಕೂಪಿನಲ್ಲಿ ಪುಡಿ ಒತ್ತಾಗಿ ಕೂತು ಅಳತೆ ಹೆಚ್ಚಾಗುತ್ತದೆ. ಬೌಲಿಗೆ ಮೊದಲು ನೀರು, ಆಮೇಲೆ ಪುಡಿ. ಬೌಲಿನ ಗೋಡೆಗೆ ಒತ್ತಿ ಒತ್ತಿ 45 ಸೆಕೆಂಡಿನಿಂದ ಒಂದು ನಿಮಿಷದೊಳಗೆ ಗಂಟಿಲ್ಲದಂತೆ ಕಲಸಿ. ಮೇ ತಿಂಗಳಲ್ಲಿ ನಲ್ಲಿಯ ನೀರೇ ಬೆಚ್ಚಗಿರುವುದರಿಂದ ಟ್ರೇ ಬಾಯಿಗೆ ಹೋಗುವ ಮುಂಚೆಯೇ ಗಟ್ಟಿಯಾಗುತ್ತದೆ. ತಣ್ಣನೆಯ ನೀರು ಇಟ್ಟುಕೊಂಡಿರಿ. ಜುಲೈಯಲ್ಲಿ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಪುಡಿ ತೇವ ಹೀರಿ ಕೆಡುತ್ತದೆ. ತೆಗೆದ ಅಚ್ಚಿಗೆ 10–15 ನಿಮಿಷದೊಳಗೆ ಪ್ಲಾಸ್ಟರ್ ಸುರಿಯದಿದ್ದರೆ ನೀರು ಬಿಟ್ಟು ಕುಗ್ಗುತ್ತದೆ. ನೀರಿನಲ್ಲಿ ಹಾಕಿಟ್ಟರೂ ಉಬ್ಬುತ್ತದೆ. ಹೇಗಾದರೂ ಮುಂದೆ ಹಲ್ಲಿನ ಸೆಟ್ಟು ಕೂರುವುದಿಲ್ಲ. ಹಲ್ಲಿಗೆ ಕ್ಯಾಪ್ ಅಂಟಿಸುವ ಜಿಂಕ್ ಫಾಸ್ಫೇಟ್ ಸಿಮೆಂಟ್ ಕಲಸುವ ಗಾಜಿನ ಸ್ಲ್ಯಾಬ್ ತಣ್ಣಗಿರಬೇಕು ನಿಜ. ಹಾಗೆಂದು ಮಳೆಗಾಲದಲ್ಲಿ ಫ್ರಿಜ್ಜಿನಿಂದ ತೆಗೆದ ಕೂಡಲೇ ಬಳಸಿದರೆ ಅದರ ಮೇಲೆ ಹನಿ ಕಟ್ಟಿರುತ್ತದೆ, ಆ ನೀರು ಸೇರಿ ಸಿಮೆಂಟು ಬಲ ಕಳೆದುಕೊಳ್ಳುತ್ತದೆ.

ಎಕ್ಸ್‌ರೇ ವಿಷಯ. ಇದರ ನಿಯಮ ಮಾಡುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಮುಂಬೈಯ ಅಣುಶಕ್ತಿನಗರದಲ್ಲೇ ಇದೆ. ಪೇಷಂಟಿನ ಬಾಯಲ್ಲಿ ಫಿಲ್ಮನ್ನು ನಿಮ್ಮ ಬೆರಳಿನಿಂದ ಹಿಡಿಯಬೇಡಿ, ಪೇಷಂಟಿನ ಕೈಗೋ ಹೋಲ್ಡರಿಗೋ ಬಿಡಿ. ನೀವು ಕಿರಣದ ದಾರಿ ಬಿಟ್ಟು ಎರಡು ಮೀಟರ್ ದೂರ, ಇಲ್ಲವೇ ತಡೆಗೋಡೆಯ ಹಿಂದೆ.

ಕಸಕ್ಕೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮವಿದೆ. ರಕ್ತದ ಹತ್ತಿ ಹಳದಿ ಚೀಲಕ್ಕೆ, ಗ್ಲೌಸು ಮತ್ತು ಸಕ್ಷನ್ ಟಿಪ್ಪು ಕೆಂಪಿಗೆ, ಸೂಜಿ, ಬ್ಲೇಡು ತೂತಾಗದ ಬಿಳಿ ಡಬ್ಬಿಗೆ, ಗಾಜು ನೀಲಿಗೆ. ಕಿತ್ತ ಹಲ್ಲು ಹಳದಿಗೇ ಹೋಗುತ್ತದೆ, ಆದರೆ ಬೆಳ್ಳಿ ಫಿಲ್ಲಿಂಗ್ ಇರುವ ಹಲ್ಲನ್ನು ಹಾಕಬಾರದು. ಹಳದಿ ಚೀಲವನ್ನು ಸುಡುತ್ತಾರೆ, ಆ ಫಿಲ್ಲಿಂಗಿನ ಪಾದರಸ ಗಾಳಿಗೆ ಸೇರುತ್ತದೆ.

ಕೋರ್ಸಿಗೆ ಸೇರಿದ ದಿನವೇ ಹೆಪಟೈಟಿಸ್ ಬಿ ಲಸಿಕೆ ಶುರು ಮಾಡಿ: ಇವತ್ತೊಂದು, ಒಂದು ತಿಂಗಳಿಗೆ ಇನ್ನೊಂದು, ಆರು ತಿಂಗಳಿಗೆ ಮೂರನೆಯದು. ಮೂರನೆಯದರ ನಂತರ ಒಂದೆರಡು ತಿಂಗಳಿಗೆ ರಕ್ತ ಪರೀಕ್ಷೆ ಮಾಡಿಸಿ, ರಕ್ಷಣೆ ಬಂದಿದೆಯೇ ಎಂದು ನೋಡಿಸಿಕೊಳ್ಳಿ. ಬಳಸಿದ ಸೂಜಿಗೆ ಎರಡೂ ಕೈ ಬಳಸಿ ಮುಚ್ಚಳ ಹಾಕಬೇಡಿ. ಮುಚ್ಚಳವನ್ನು ಟ್ರೇಯಲ್ಲಿಟ್ಟು ಒಂದೇ ಕೈಯಿಂದ ಸೂಜಿಯನ್ನು ಅದರೊಳಗೆ ಜಾರಿಸಿ. ಆದರೂ ಚುಚ್ಚಿದರೆ ಹಿಂಡಬೇಡಿ. ಸೋಪು ನೀರಿನಲ್ಲಿ ತೊಳೆದು ತಕ್ಷಣ ಡಾಕ್ಟರಿಗೆ ಹೇಳಿ. ಎಚ್‌ಐವಿ ತಡೆಯುವ ಮಾತ್ರೆ ಆದಷ್ಟು ಎರಡು ಗಂಟೆಯೊಳಗೆ, ತೀರಾ ತಡವೆಂದರೆ 72 ಗಂಟೆಯೊಳಗೆ ಶುರುವಾಗಬೇಕು, 28 ದಿನ ಬಿಡದೆ ನಡೆಯಬೇಕು. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಆ ಮಾತ್ರೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ, ರಾತ್ರಿಯೂ ಸಿಗುತ್ತದೆಯೇ ಎಂದು ವಿಚಾರಿಸಿ, ಫೋನ್ ನಂಬರನ್ನು ಸ್ಟೆರಿಲೈಸೇಷನ್ ಕೋಣೆಯ ಗೋಡೆಗೆ ಅಂಟಿಸಿ.

ನಮಸ್ಕಾರ.