ಹಿಮದ ರಸ್ತೆ, ಎರೆ ಮಣ್ಣಿನ ರಸ್ತೆ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ 15, ಇಂಜಿನಿಯರ್‌ಗಳ ದಿನ. ಬಳ್ಳಾರಿಯಲ್ಲಿ ನಿಂತು ಹಿಮದ ಬಗ್ಗೆ ಮಾತಾಡಿ ಅಂದಾಗ ನನಗೇ ನಗು ಬಂತು. ಈ ಹಾಲ್‌ನಲ್ಲಿ ಎರಡು ಫ್ಯಾನ್ ಬೇರೆ ತಿರುಗುತ್ತಿಲ್ಲ. ಇರಲಿ. ಗಡಿ ರಸ್ತೆ ಸಂಸ್ಥೆಯಲ್ಲಿ ನೌಕರಿ ಮಾಡಿ ಬಂದವನು ಅಂತ ಕರೆದಿದ್ದೀರಿ. ನಾನು ಬಂದಿದ್ದು ಒಂದೇ ಮಾತು ಹೇಳೋಕೆ. ರಸ್ತೆ ಹಾಳು ಮಾಡುವುದು ಚಳಿಯೂ ಅಲ್ಲ, ಬಿಸಿಲೂ ಅಲ್ಲ. ನೀರು.

ಹಿಮ ಬಿದ್ದ ದಿನ ಎಲ್ಲರೂ ಹುಷಾರಾಗಿಯೇ ಓಡಿಸುತ್ತಾರೆ. ರಸ್ತೆ ಬೆಳ್ಳಗೆ ಕಾಣುತ್ತದಲ್ಲ! ಡೋಜರ್ ಬರುತ್ತದೆ, ಸ್ನೋ ಕಟರ್ ಬರುತ್ತದೆ, ಹಿಮವನ್ನು ಪಕ್ಕಕ್ಕೆ ಎಸೆದು ದಾರಿ ಮಾಡುತ್ತವೆ. ಅಪಾಯ ಇರುವುದು ಮರುದಿನ. ಹಗಲು ಬಿಸಿಲಿಗೆ ಅಂಚಿನ ಹಿಮ ಕರಗಿ ಟಾರ್ ಮೇಲೆ ಹರಿಯುತ್ತದೆ, ರಾತ್ರಿ ಅಲ್ಲೇ ಹೆಪ್ಪುಗಟ್ಟುತ್ತದೆ. ತೆಳ್ಳನೆಯ ಪದರ, ಕೆಳಗಿನ ಟಾರ್ ಹಾಗೇ ಕಾಣುತ್ತದೆ. ಡ್ರೈವರ್ ಒದ್ದೆ ರಸ್ತೆ ಅಂದುಕೊಂಡು ಬ್ರೇಕ್ ಒತ್ತುತ್ತಾನೆ, ಮುಗೀತು. ಸೇತುವೆ ಮೇಲೆ ಇನ್ನೂ ಬೇಗ ಗಟ್ಟಿಯಾಗುತ್ತದೆ, ಯಾಕಂದ್ರೆ ಕೆಳಗಿನಿಂದಲೂ ತಣ್ಣನೆ ಗಾಳಿ ಹೊಡೆಯುತ್ತದೆ.

ಟಾರ್‌ನ ಬಿರುಕಿಗೆ ಇಳಿದ ನೀರಿನ ಕೆಲಸ ಬೇರೆ. ಮಂಜುಗಡ್ಡೆ ಆಗುವಾಗ ನೀರು ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಬಿರುಕು ಅಗಲವಾಗುತ್ತದೆ, ಮರುದಿನ ಇನ್ನಷ್ಟು ನೀರು ಕುಡಿಯುತ್ತದೆ. ಅಡಿಯ ಮಣ್ಣಿನಲ್ಲಿ ಹೆಪ್ಪುಗಟ್ಟಿದರಂತೂ ರಸ್ತೆಯೇ ಉಬ್ಬಿ ಮೇಲೇಳುತ್ತದೆ. ಕರಗಿದ ಮೇಲೆ ಅಡಿ ಮೆತ್ತಗಾಗಿ, ಮೊದಲ ಲೋಡ್ ಲಾರಿಗೇ ಕುಸಿಯುತ್ತದೆ.

ಇದನ್ನೇ ನಾವು ಸಿರುಗುಪ್ಪ ಕಡೆ ಹಿಮ ಇಲ್ಲದೆಯೇ ನೋಡುತ್ತೇವೆ, ಅಲ್ವಾ? ನಮ್ಮ ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರಿಯುತ್ತದೆ. ಅಲ್ಲಿ ಮಂಜುಗಡ್ಡೆ ಎತ್ತುತ್ತದೆ, ಇಲ್ಲಿ ಜೇಡಿ ಎತ್ತುತ್ತದೆ. ಎರಡಕ್ಕೂ ಬೇಕಾಗಿರುವುದು ನೀರೇ. ಟಾರ್ ಎಷ್ಟು ದಪ್ಪ ಹಾಕಿದಿರಿ ಅಂತ ಆಮೇಲೆ ಕೇಳೋಣ. ಚರಂಡಿ ಎಲ್ಲಿ ಅಂತ ಮೊದಲು ಹೇಳಿ.

ಡೀಸೆಲ್ ಕಥೆ ಹೇಳದಿದ್ದರೆ ನನ್ನ ಭಾಷಣ ಮುಗಿಯಲ್ಲ. ಕಾಶ್ಮೀರದಿಂದ ಲಡಾಖ್‌ಗೆ ದಾಟುವ ಜೋಜಿಲಾ ಘಾಟಿಗೆ ಇನ್ನೂ ಹತ್ತುವ ಮುಂಚೆ, ಸೋನಾಮಾರ್ಗ್ ಹತ್ತಿರ ಲಾರಿಗಳ ಸಾಲು ನಿಂತಿತ್ತು. ಬೆಳಗಿನ ಜಾವ. ಒಬ್ಬ ಡ್ರೈವರ್ ಬಾನೆಟ್ ಎತ್ತಿಕೊಂಡು ಅಚ್ಚ ಕನ್ನಡದಲ್ಲಿ ಬೈಯುತ್ತಿದ್ದಾನೆ! ಕೇಳಿದರೆ ಗಂಗಾವತಿಯವನು. ‘ಸಾಹೇಬ್ರ, ಟ್ಯಾಂಕ್ ಫುಲ್ ಐತಿ, ಆದ್ರ ಗಾಡಿ ಒಲ್ಲೆ ಅಂತೈತಿ’ ಅಂದ. ಫಿಲ್ಟರ್ ಬಿಚ್ಚಿದೆವು. ಒಳಗೆ ಬೆಳ್ಳಗೆ ಮೇಣ, ಡಿಸೆಂಬರ್‌ನಲ್ಲಿ ಬಾಟಲಿಯ ಕೊಬ್ಬರಿ ಎಣ್ಣೆ ಆಗುತ್ತದಲ್ಲ, ಹಾಗೆ. ಡೀಸೆಲ್‌ನಲ್ಲಿ ಮೇಣ ಇರುತ್ತದೆ, ಚಳಿಗೆ ಅದು ಬೇರೆಯಾಗಿ ಫಿಲ್ಟರ್‌ನಲ್ಲಿ ಕಟ್ಟಿಕೊಳ್ಳುತ್ತದೆ. ಈತ ಕೆಳಗೆ ಬಯಲಿನಲ್ಲೇ ಟ್ಯಾಂಕ್ ತುಂಬಿಸಿಕೊಂಡು ಬಂದಿದ್ದ. ಪಕ್ಕದ ಲಾರಿಯವರು ಟ್ಯಾಂಕಿನ ಕೆಳಗೇ ಸ್ಟೌ ಹಚ್ಚಿದ್ದರು. ಅದನ್ನು ನೋಡಿ ನಮ್ಮವನಿಗೂ ಹುಮ್ಮಸ್ಸು ಬಂತು. ‘ಏ ಮಾರಾಯ, ಬೇಡ, ಮನೇಲಿ ಹೆಂಡ್ರು ಮಕ್ಕಳಿದ್ದಾರೆ’ ಅಂತ ತಡೆದು, ಚಹಾದಂಗಡಿಯಿಂದ ಬಿಸಿನೀರು ತರಿಸಿದೆವು. ಫಿಲ್ಟರ್ ಮೇಲೆ, ಪೈಪಿನ ಮೇಲೆ ಸುರಿದದ್ದೇ ಸುರಿದದ್ದು. ಗಾಡಿ ಸ್ಟಾರ್ಟ್ ಆಗುವ ಹೊತ್ತಿಗೆ ಸೂರ್ಯನೇ ಬಂದಿದ್ದ. ಈಗ ಪರವಾಗಿಲ್ಲ, ಇಂಡಿಯನ್ ಆಯಿಲ್‌ನವರು 2019ರಲ್ಲಿ ಲಡಾಖ್‌ಗೆಂದೇ ಚಳಿಗಾಲದ ಡೀಸೆಲ್ ತಂದರು, ಮೈನಸ್ 33 ಡಿಗ್ರಿವರೆಗೂ ಹರಿಯುತ್ತದೆ.

ಚೀಟಿ ಬಂತು, ಹತ್ತು ನಿಮಿಷ ಅಂತೆ. ಜನಜೀವನದ ಬಗ್ಗೆ ಜಾಸ್ತಿ ಹೇಳಬೇಕಿತ್ತು. ಲೇಹ್‌ನಲ್ಲಿ ಚಳಿಗಾಲಕ್ಕೆ ನಲ್ಲಿಯ ಪೈಪಿನಲ್ಲಿ ನೀರು ನಿಲ್ಲಲು ಬಿಡುವುದಿಲ್ಲ, ನಿಂತರೆ ಪೈಪ್ ಒಡೆಯುತ್ತದೆ. ನೋಡಿ, ಮತ್ತೆ ನೀರು! ಆಲೂಗಡ್ಡೆ, ಮೂಲಂಗಿ ಮಣ್ಣಿನ ಗುಂಡಿಯಲ್ಲಿ ಹೂತಿಡುತ್ತಾರೆ, ಸೊಪ್ಪನ್ನು ಬೇಸಿಗೆಯಲ್ಲೇ ಒಣಗಿಸುತ್ತಾರೆ. ಮನೆಯವರೆಲ್ಲ ಒಲೆ ಇರುವ ಒಂದೇ ಕೋಣೆಯಲ್ಲಿ.

ಹಿಮಾಚಲದ ಲಾಹೌಲ್ ಕಣಿವೆಯವರ ಪಾಡು ಇನ್ನೂ ಕಷ್ಟವಾಗಿತ್ತು. ಅಲ್ಲಿಗೆ ಮನಾಲಿಯಿಂದ ಹೋಗುವ ರೋಹ್ತಾಂಗ್ ಘಾಟಿ 3,978 ಮೀಟರ್ ಎತ್ತರ. ಹಿಮಕ್ಕೆ ಅದು ಮುಚ್ಚಿದರೆ ತಿಂಗಳುಗಟ್ಟಲೆ ರಸ್ತೆಯೇ ಇರುತ್ತಿರಲಿಲ್ಲ, ಕಾಯಿಲೆ ಬಿದ್ದರೆ ಹೆಲಿಕಾಪ್ಟರ್ ಕಾಯಬೇಕಿತ್ತು. 2020ರ ಅಕ್ಟೋಬರ್‌ನಲ್ಲಿ ಆ ಘಾಟಿಯ ಅಡಿಯಲ್ಲಿ ಹೋಗುವ ಅಟಲ್ ಸುರಂಗ ಸಂಚಾರಕ್ಕೆ ತೆರೆಯಿತು, ಉದ್ದ 9.02 ಕಿಲೋಮೀಟರ್. ಆಮೇಲೆ ಆ ಕಷ್ಟ ಬಹಳ ಕಡಿಮೆಯಾಯಿತು.

ಉಪ್ಪಿನ ವಿಷಯ ಬಿಡುತ್ತೇನೆ. ಒಂದೇ ಮಾತು: ಉಪ್ಪು ಹಾಕಿದರೆ ಮಂಜುಗಡ್ಡೆ ಕರಗುತ್ತದೆ, ಆದರೆ ತುಂಬಾ ಚಳಿ ಇದ್ದರೆ ಅದರ ಆಟ ನಡೆಯಲ್ಲ. ಕರಗಿದ ಉಪ್ಪುನೀರು ಸೇತುವೆಯ ಕಬ್ಬಿಣವನ್ನೂ ತಿನ್ನುತ್ತದೆ. ಟೈರ್‌ಗೆ ಚೈನ್ ಕಟ್ಟುವುದನ್ನು ಹುಡುಗರು ಊಟ ಆದ ಮೇಲೆ ಕೇಳಿ, ಫೋಟೋ ಇವೆ.

ಊಟಕ್ಕೆ ಹೋಗುವಾಗ ಗೇಟಿನ ಎಡಗಡೆ ಸ್ವಲ್ಪ ನೋಡಿ. ಚರಂಡಿ ಮುಚ್ಚಿ, ಮೇಲೆ ಕಾಂಕ್ರೀಟ್ ಹಾಕಿ, ಬೈಕ್ ನಿಲ್ಲಿಸಿದ್ದಾರೆ. ಅದರ ಎದುರಿಗೇ ರಸ್ತೆಯಲ್ಲಿ ಗುಂಡಿ ಬಿದ್ದಿದೆ. ಯಾರು ಮಾಡಿಸಿದ್ದು ಅಂತ ನಾನು ಕೇಳಲ್ಲ. ಊಟ ಅವರೇ ಹಾಕಿಸುತ್ತಿದ್ದಾರೆ.